ನಾನು ಕೇಳುತ್ತಿದ್ದ ಡ್ಯಾನ್ಸ್ ಶೋ ಸ್ಯಾಟಲೈಟ್ ರೇಡಿಯೋದಿಂದ ಎಲ್ಲಿ ಹೋಯ್ತು?

ಪ್ರಶ್ನೆ: ನಮಸ್ಕಾರ ಸರ್. ನಾನು ಮೈಸೂರಿನವನು, ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ಕಾಲೇಜು ದಿನಗಳಲ್ಲಿ ನಮ್ಮ ಮನೆಯಲ್ಲಿ ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೋ ಇತ್ತು. ಅಪ್ಪನಿಗೆ ಅದರ ಶ್ರುತಿ ಚಾನೆಲ್, ಅಮ್ಮನಿಗೆ ಕನ್ನಡದ ಸ್ಪರ್ಶ. ಎಲ್ಲರೂ ಮಲಗಿದ ಮೇಲೆ ನನಗೆ ದಿ ಸಿಸ್ಟಂ. ಡ್ಯಾನ್ಸ್ ಸಂಗೀತದಲ್ಲಿ ಟ್ರಾನ್ಸ್ ಅಂತ ಒಂದು ಬಗೆ ಇದೆ ಎಂದು ಗೊತ್ತಾಗಿದ್ದೇ ಅಲ್ಲಿ. 2007ರಲ್ಲಿ ಅಮೆರಿಕಕ್ಕೆ ಬಂದೆ. ಕಾರಿಗೆ ಇಲ್ಲಿನ ಉಪಗ್ರಹ ರೇಡಿಯೋ ಎಕ್ಸ್‌ಎಂ ಹಾಕಿಸಿದೆ, ನೋಡಿದರೆ ಅದರಲ್ಲೂ ಅದೇ ಸಿಸ್ಟಂ! ಊರಿನವರೇ ಸಿಕ್ಕ ಹಾಗಾಯ್ತು. ಒಂದೇ ವರ್ಷಕ್ಕೆ ಅದು ಮಾಯ, ಅದರ ಜಾಗಕ್ಕೆ ಏರಿಯಾ ಬಂತು. ಅದರಲ್ಲಿ ಟ್ರಾನ್ಸ್ ಅರೌಂಡ್ ದಿ ವರ್ಲ್ಡ್ ಎಂಬ ಶೋ ಹಚ್ಚಿಕೊಂಡೆ. ಅದೂ ನಿಂತಿತು. ಕೊನೆಗೆ ಆ ಚಾನೆಲ್ಲೇ ಇಲ್ಲ. ಒಂದು ಮಾತು ಹೇಳದೆ ನಿಲ್ಲಿಸುವುದು ಯಾಕೆ? ಕೇಳುವವರು ಕಡಿಮೆಯಾದರಾ, ಅಥವಾ ರಾಯಲ್ಟಿ ಉಳಿಸೋಕಾ? ಹಳೇ ಕಂತುಗಳನ್ನು ಎಲ್ಲಾದರೂ ಇಟ್ಟಿರುತ್ತಾರಾ? ನನ್ನ ಹಳೇ ಪಯೊನೀರ್ ಇನೋ ರೇಡಿಯೋದಲ್ಲಿ ಸುಮಾರು 30 ಗಂಟೆ ರೆಕಾರ್ಡಿಂಗ್ ಇದೆ. ಹೊರಗೆ ತೆಗೆಯಬಹುದಾ? ಯೂಟ್ಯೂಬ್‌ಗೆ ಹಾಕಬಹುದಾ? ಆ ಸೆಟ್ಟಿನ ಚಂದಾ ಇನ್ನೂ ಕಟ್ಟುತ್ತಿದ್ದೇನೆ. ಹೆಂಡತಿ ಸುಮ್ನೆ ದುಡ್ಡು ದಂಡ, ನಿಲ್ಲಿಸಿ ಅನ್ನುತ್ತಾಳೆ. ಕೊನೆಯದಾಗಿ, ಅಪ್ಪನ ವರ್ಲ್ಡ್‌ಸ್ಪೇಸ್ ಸೆಟ್ಟಿಗೆ ಮತ್ತೆ ಜೀವ ಬರಿಸಬಹುದಾ?

ಉತ್ತರ: ಮೊದಲು ಒಂದು ಮಾತು. ಈ ಉತ್ತರ ಪೂರ್ತಿ ಓದುವ ತನಕ ಆ ಚಂದಾ ನಿಲ್ಲಿಸಬೇಡಿ. ಕಾರಣ ಮುಂದೆ ಹೇಳುತ್ತೇನೆ.

ರೇಡಿಯೋದಲ್ಲಿ ಯಾವ ಗಂಟೆಗೆ ಏನು ಬರಬೇಕು, ಏನು ನಿಲ್ಲಬೇಕು ಎಂದು ಪಟ್ಟಿ ಹಾಕುವ ಕೆಲಸದಲ್ಲಿ ನಾನು ಹದಿನೈದು ವರ್ಷ ಇದ್ದವನು. ಅಂದರೆ ನಿಮ್ಮಂಥವರ ಶೋ ನಿಲ್ಲಿಸಿದ ಪಾಪದಲ್ಲಿ ನನಗೂ ಸ್ವಲ್ಪ ಪಾಲಿದೆ. ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಬಹಳ, ಆದರೆ ನೋವು ಒಂದೇ: ದುಡ್ಡು ಕೊಟ್ಟು ಕೇಳುತ್ತಿದ್ದದ್ದನ್ನು ಹೇಳದೆ ಕೇಳದೆ ಕಿತ್ತುಕೊಂಡರಲ್ಲ ಅನ್ನುವುದು. ಅದು ನ್ಯಾಯವಾದ ಸಿಟ್ಟು. ಆದರೆ ಆ ಸಿಟ್ಟನ್ನು ಒಂದೇ ಕಂಪನಿಯ ಮೇಲೆ, ಒಂದೇ ಕಾರಣದ ಮೇಲೆ ಹಾಕಿದರೆ ಲೆಕ್ಕ ತಪ್ಪುತ್ತದೆ. ನೀವು ಕಳೆದುಕೊಂಡದ್ದು ಮೂರು. ಮೂರೂ ಹೋಗಿದ್ದು ಬೇರೆ ಬೇರೆ ಕಾರಣಕ್ಕೆ.

ದಿ ಸಿಸ್ಟಂ ಕತೆಯಿಂದ ಶುರು ಮಾಡೋಣ. ಮೈಸೂರಿನಲ್ಲಿ ಕೇಳಿದ ಚಾನೆಲ್ ನ್ಯೂಜೆರ್ಸಿಯಲ್ಲೂ ಸಿಕ್ಕಿದ್ದು ಕಾಕತಾಳೀಯ ಅಲ್ಲ. ಎಕ್ಸ್‌ಎಂ ಕಟ್ಟುವಾಗ ವರ್ಲ್ಡ್‌ಸ್ಪೇಸ್ ಕಂಪನಿಯ ಹಣವೂ ಅದರಲ್ಲಿ ಸೇರಿತ್ತು. ಹಾಗಾಗಿ ವರ್ಲ್ಡ್‌ಸ್ಪೇಸ್‌ನವರೇ ತಯಾರಿಸುತ್ತಿದ್ದ ಕೆಲವು ಚಾನೆಲ್‌ಗಳು ಎಕ್ಸ್‌ಎಂನಲ್ಲೂ ಬರುತ್ತಿದ್ದವು. ದಿ ಸಿಸ್ಟಂ ಅವುಗಳಲ್ಲಿ ಒಂದು. ಎಕ್ಸ್‌ಎಂಗೆ ಸಿರಿಯಸ್ ಎಂಬ ಪೈಪೋಟಿಯ ಕಂಪನಿ ಇತ್ತು. ಎಕ್ಸ್‌ಎಂ ಪ್ರಸಾರ ಶುರುವಾಗಿದ್ದು 2001ರ ಸೆಪ್ಟೆಂಬರ್‌ನಲ್ಲಿ, ಸಿರಿಯಸ್ 2002ರಲ್ಲಿ. ಎರಡೂ ಸಾಲ ಮಾಡಿ ಉಪಗ್ರಹ ಹಾರಿಸಿ, ಎರಡೂ ವರ್ಷಾನುಗಟ್ಟಲೆ ನಷ್ಟ ಅನುಭವಿಸಿ, ಕೊನೆಗೆ 2008ರ ಜುಲೈ 29ರಂದು ಒಂದಾದವು.

ಎರಡು ಮನೆ ಒಂದಾದರೆ ಎರಡು ಅಡುಗೆಮನೆ ಬೇಕಾ? ಅದೇ ಲೆಕ್ಕ. ಎಕ್ಸ್‌ಎಂನಲ್ಲಿ ಬಿಪಿಎಂ ಎಂಬ ಡ್ಯಾನ್ಸ್ ಚಾನೆಲ್ ಇತ್ತು, ಸಿರಿಯಸ್‌ನಲ್ಲಿ ದಿ ಬೀಟ್. ಎಕ್ಸ್‌ಎಂನಲ್ಲಿ ದಿ ಸಿಸ್ಟಂ ಇತ್ತು, ಸಿರಿಯಸ್‌ನಲ್ಲಿ ಏರಿಯಾ 33. ಜೋಡಿಗೊಂದು ಉಳಿಯಬೇಕು. 2008ರ ನವೆಂಬರ್ 12ರಂದು ಒಂದೇ ದಿನ ಎರಡೂ ಕಡೆಯ ಪಟ್ಟಿ ಬದಲಾಯಿತು. ಬಿಪಿಎಂ ಉಳಿಯಿತು, ದಿ ಬೀಟ್ ಹೋಯಿತು. ಏರಿಯಾ 33, ಅಂದರೆ ನೀವು ಹೇಳಿದ ಏರಿಯಾ, ಉಳಿಯಿತು, ದಿ ಸಿಸ್ಟಂ ಹೋಯಿತು. ಅದೇ ಹೊತ್ತಿಗೆ, ಅಕ್ಟೋಬರ್ 17ರಂದು, ವರ್ಲ್ಡ್‌ಸ್ಪೇಸ್ ಅಮೆರಿಕದಲ್ಲಿ ದಿವಾಳಿ ಅರ್ಜಿಯನ್ನೂ ಹಾಕಿತ್ತು. ತಯಾರಿಸುವವರೇ ಮುಳುಗುತ್ತಿರುವಾಗ ಅವರ ಚಾನೆಲ್ ಪರವಾಗಿ ವಾದ ಮಾಡುವವರು ಯಾರು? ದಿ ಸಿಸ್ಟಂ ಚೆನ್ನಾಗಿತ್ತಾ, ಎಷ್ಟು ಜನ ಕೇಳುತ್ತಿದ್ದರು ಅನ್ನುವುದು ಆ ಹೊತ್ತಿನಲ್ಲಿ ದೊಡ್ಡ ವಿಷಯವೇ ಆಗಿರಲಾರದು.

ಇನ್ನು ನಿಮ್ಮ ಎರಡನೇ ನಷ್ಟ. ಇದನ್ನು ಓದುವಾಗ ನನಗೆ ಸ್ವಲ್ಪ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಟ್ರಾನ್ಸ್ ಅರೌಂಡ್ ದಿ ವರ್ಲ್ಡ್ ಶೋವನ್ನು ಯಾವ ರೇಡಿಯೋ ಕಂಪನಿಯೂ ಕೊಲ್ಲಲಿಲ್ಲ. ಅದನ್ನು ನಡೆಸುತ್ತಿದ್ದ ಇಂಗ್ಲೆಂಡಿನ ಅಬೌವ್ ಅಂಡ್ ಬಿಯಾಂಡ್ ತಂಡವೇ ನಿಲ್ಲಿಸಿತು. 2004ರಲ್ಲಿ ಶುರುವಾದ ಶೋ ಅದು. 450ನೇ ಕಂತು ಕೊನೆಯದು. ಆ ಕೊನೆಯ ಕಂತು ಎಲ್ಲಿ ನಡೆಯಿತು ಗೊತ್ತಾ? ಬೆಂಗಳೂರಿನಲ್ಲಿ! 2012ರ ನವೆಂಬರ್ 10, ಶನಿವಾರ. ನೀವು ಎಡಿಸನ್‌ನಲ್ಲಿ ಕೂತು ಶೋ ಎಲ್ಲಿ ಹೋಯ್ತು ಎಂದು ಹುಡುಕುತ್ತಿದ್ದಿರಿ, ಅದು ನಿಮ್ಮೂರಿನಿಂದ ಮೂರು ಗಂಟೆ ದಾರಿಯಲ್ಲಿ ವಿದಾಯ ಹೇಳುತ್ತಿತ್ತು. ರಾತ್ರಿ ಹನ್ನೊಂದೂವರೆಗೆ ಪಬ್‌ಗಳ ಬಾಗಿಲು ಹಾಕಿಸುತ್ತಿದ್ದ ಆ ಕಾಲದ ಬೆಂಗಳೂರು, ಜಗತ್ತಿಗೆಲ್ಲ ಹೋಗುತ್ತಿದ್ದ ಒಂದು ಡ್ಯಾನ್ಸ್ ಶೋ ಮುಗಿಯುವ ಊರೂ ಆಯಿತು.

ಅದು ನಿಜಕ್ಕೂ ಮುಗಿಯಿತಾ ಅಂದರೆ ಅದೂ ಇಲ್ಲ. ತಂಡದ ಸಂಗೀತ ಬರೀ ಟ್ರಾನ್ಸ್ ಆಗಿ ಉಳಿದಿರಲಿಲ್ಲ, ಹೆಸರಿನಲ್ಲಿ ಮಾತ್ರ ಆ ಪದ ಕೂತಿತ್ತು. ಅದೇ ತಿಂಗಳಲ್ಲಿ ಗ್ರೂಪ್ ಥೆರಪಿ ಎಂಬ ಹೊಸ ಹೆಸರಿನಲ್ಲಿ ಒಂದನೇ ಕಂತಿನಿಂದ ಮತ್ತೆ ಎಣಿಕೆ ಶುರು ಮಾಡಿದರು. 2022ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅದರ 500ನೇ ಕಂತೂ ಆಯಿತು. ಅದೇ ಜನ, ಅದೇ ವಾರಕ್ಕೊಮ್ಮೆ ಲೆಕ್ಕ. ಬೋರ್ಡು ಬದಲಾದ ಹೋಟೆಲ್ ಇದ್ದ ಹಾಗೆ; ಭಟ್ಟರು ಅವರೇ.

ಇಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಬರುತ್ತದೆ. ಡ್ಯಾನ್ಸ್ ಚಾನೆಲ್‌ನಲ್ಲಿ ಬರುವ ಮಿಕ್ಸ್ ಶೋಗಳಲ್ಲಿ, ಅಂದರೆ ಹಾಡಿಗೆ ಹಾಡು ಬೆಸೆದು ನಿಲ್ಲದೆ ನುಡಿಸುವ ಶೋಗಳಲ್ಲಿ, ಬಹಳಷ್ಟು ಆ ಚಾನೆಲ್ಲಿನ ಸ್ವತ್ತೇ ಅಲ್ಲ. ಡಿಜೆ ತನ್ನ ಸ್ಟುಡಿಯೋದಲ್ಲಿ ಒಂದು ಗಂಟೆಯದೋ ಎರಡು ಗಂಟೆಯದೋ ಮಿಕ್ಸ್ ಮಾಡುತ್ತಾನೆ. ಆ ಒಂದೇ ಫೈಲ್ ಹತ್ತಾರು ದೇಶದ ಸ್ಟೇಷನ್‌ಗಳಿಗೆ ಹೋಗುತ್ತದೆ. ಸ್ಟೇಷನ್‌ಗೆ ಗಂಟೆ ತುಂಬುತ್ತದೆ, ಡಿಜೆಗೆ ಪ್ರಚಾರ ಸಿಗುತ್ತದೆ, ಟಿಕೆಟ್ ಮಾರಾಟ ಆಗುತ್ತದೆ. ಆರ್ಮಿನ್ ವಾನ್ ಬ್ಯೂರೆನ್ ಅವರ ಎ ಸ್ಟೇಟ್ ಆಫ್ ಟ್ರಾನ್ಸ್ 2001ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾಯಿತು, 2021ರಲ್ಲಿ ಸಾವಿರ ಕಂತು ದಾಟಿತು. ಅಷ್ಟರಲ್ಲಿ ಎಷ್ಟು ಸ್ಟೇಷನ್‌ಗಳು ಅದನ್ನು ಹಾಕಿಕೊಂಡವು, ಎಷ್ಟು ಕೈಬಿಟ್ಟವು. ಶೋ ಮಾತ್ರ ನಡೆಯುತ್ತಲೇ ಬಂತು. ಆದ್ದರಿಂದ ನಿಮ್ಮ ಚಾನೆಲ್‌ನಿಂದ ಶೋ ಹೋದರೆ ಮೊದಲು ಚಾನೆಲ್ಲನ್ನು ಹುಡುಕಬೇಡಿ, ಡಿಜೆಯನ್ನು ಹುಡುಕಿ. ನನಗೆ ಬಂದ ಇಂಥ ದೂರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಷ್ಟಕ್ಕೇ ಮುಗಿದಿವೆ.

ಮೂರನೆಯದು ಚಾನೆಲ್ಲೇ ಹೋಗಿದ್ದು. ಏರಿಯಾ 2011ರಲ್ಲಿ ಎಲೆಕ್ಟ್ರಿಕ್ ಏರಿಯಾ ಎಂದು ಹೆಸರು ಬದಲಿಸಿ 52ನೇ ನಂಬರಿಗೆ ಬಂತು. 2018ರಲ್ಲಿ ಆ 52ನೇ ಜಾಗಕ್ಕೆ ಡಿಪ್ಲೋಸ್ ರೆವಲ್ಯೂಷನ್ ಬಂತು. ಒಬ್ಬ ದೊಡ್ಡ ಡಿಜೆಯ ಹೆಸರನ್ನೇ ಚಾನೆಲ್ಲಿಗೆ ಇಡುವ ರೂಢಿ ಇದು. ಯಾಕೆ ಅಂದರೆ, ಕಾರು ಕೊಂಡವರಿಗೆ ಮೂರು ತಿಂಗಳು ಪುಕ್ಕಟೆ ಕೊಟ್ಟು ಆಮೇಲೆ ಚಂದಾ ಕಟ್ಟಿಸುವ ವ್ಯಾಪಾರ ಇವರದು. ಆ ಮೂರು ತಿಂಗಳಲ್ಲಿ ಹೊಸಬ ನಂಬರ್ ತಿರುಗಿಸುವಾಗ ಪರದೆಯ ಮೇಲೆ ಅವನಿಗೆ ಗೊತ್ತಿರುವ ಹೆಸರು ಕಾಣಬೇಕು. ಎಲೆಕ್ಟ್ರಿಕ್ ಏರಿಯಾ ಅಂದರೆ ಅವನಿಗೆ ಏನೂ ಅನ್ನಿಸುವುದಿಲ್ಲ. ಡಿಪ್ಲೋ ಅಂದರೆ ಬೆರಳು ನಿಲ್ಲುತ್ತದೆ. ನಿಮ್ಮಂಥ ಹಳೇ ಕೇಳುಗ ಹೇಗೂ ಹೋಗುವುದಿಲ್ಲ ಎಂಬ ಧೈರ್ಯವೂ ಅವರಿಗೆ ಇರುತ್ತದೆ. ಇಷ್ಟು ವರ್ಷ ಶೋ ಇಲ್ಲದೆ ನೀವು ಚಂದಾ ಕಟ್ಟಿದ್ದೀರಲ್ಲ, ಅವರ ಧೈರ್ಯ ಸುಳ್ಳೇನೂ ಅಲ್ಲ!

ಹಳೇ ಚಾನೆಲ್ಲಿಗೆ ಪಕ್ಕದಲ್ಲಿ ಇನ್ನೊಂದು ನಂಬರ್ ಕೊಟ್ಟರೆ ಆಗುತ್ತಿರಲಿಲ್ಲವಾ ಎಂದು ನೀವು ಕೇಳಬಹುದು. ಆಗುವುದಿಲ್ಲ, ಆಕಾಶದಲ್ಲೂ ಸೈಟು ಸಿಗುವುದು ಕಷ್ಟ. 1997ರಲ್ಲಿ ಅಮೆರಿಕ ಸರ್ಕಾರ ಈ ತರಂಗಗಳನ್ನು ಹರಾಜು ಹಾಕಿದಾಗ ಇಬ್ಬರಿಗೂ ಸಿಕ್ಕಿದ್ದು ತಲಾ 12.5 ಮೆಗಾಹರ್ಟ್ಸ್ ಅಗಲದ ಪಟ್ಟಿ. ಒಬ್ಬರು ಸುಮಾರು 8.3 ಕೋಟಿ ಡಾಲರ್, ಇನ್ನೊಬ್ಬರು ಸುಮಾರು 9 ಕೋಟಿ ಡಾಲರ್ ಕಟ್ಟಿದರು. ಒಂದಾದ ಮೇಲೂ ಆ ಪಟ್ಟಿ ಅಗಲ ಆಗಲಿಲ್ಲ, ಯಾಕೆಂದರೆ ಹಳೇ ಸಿರಿಯಸ್ ಸೆಟ್ಟಿಗೆ ಎಕ್ಸ್‌ಎಂ ಸಂಕೇತ ಅರ್ಥವಾಗುವುದಿಲ್ಲ, ಎಕ್ಸ್‌ಎಂ ಸೆಟ್ಟಿಗೆ ಸಿರಿಯಸ್‌ನದು ಅರ್ಥವಾಗುವುದಿಲ್ಲ. ಒಂದೇ ಚಾನೆಲ್ಲನ್ನು ಎರಡೂ ಕಡೆ ಕಳಿಸಬೇಕು. ಇದರೊಳಗೆ ಮಾತಿನ ಚಾನೆಲ್, ಕ್ರೀಡೆ, ಸುದ್ದಿ, ಸಂಗೀತ ಎಲ್ಲ ಸೇರಬೇಕು. ಹೊವಾರ್ಡ್ ಸ್ಟರ್ನ್ ಎಂಬ ಮಾತುಗಾರನಿಗೆ ಸಿರಿಯಸ್ 2004ರಲ್ಲಿ ಐದು ವರ್ಷಕ್ಕೆ 50 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಅಂಥವರ ಚಾನೆಲ್ಲಿಗೆ ಕೈ ಹಾಕುವ ಧೈರ್ಯ ಯಾರಿಗಿದೆ? ಕ್ರಿಸ್‌ಮಸ್ ಬಂದಾಗ ಹಬ್ಬದ ಹಾಡಿನ ಚಾನೆಲ್‌ಗಳಿಗೆ ಜಾಗ ಬೇಕು. ಆಗೆಲ್ಲ ಎದ್ದು ನಿಂತು ಜಾಗ ಬಿಟ್ಟುಕೊಡುವುದು ಸಂಗೀತದ ಸಣ್ಣ ಚಾನೆಲ್‌ಗಳು, ಬಸ್ಸಿನಲ್ಲಿ ಹುಡುಗರು ಎದ್ದ ಹಾಗೆ. ಕೆಲವು ಚಾನೆಲ್‌ಗಳು ಉಪಗ್ರಹದಿಂದ ಇಳಿದು ಆ್ಯಪ್‌ನಲ್ಲಿ ಮಾತ್ರ ಮುಂದುವರಿಯುತ್ತವೆ. ಕಾರಿನಲ್ಲಿ ಕಾಣದಿದ್ದರೆ ಒಮ್ಮೆ ಆ್ಯಪ್‌ನಲ್ಲೂ ಹುಡುಕಿ.

ಈಗ ನಿಮ್ಮ ಎರಡು ಅನುಮಾನ. ಕೇಳುವವರು ಕಡಿಮೆಯಾದರಾ? ಉಪಗ್ರಹದಿಂದ ಸೆಟ್ಟಿಗೆ ದಾರಿ ಒಂದೇ ಕಡೆಗೆ. ನಿಮ್ಮ ಇನೋದಿಂದ ವಾಪಸ್ ಮೇಲಕ್ಕೆ ಏನೂ ಹೋಗುವುದಿಲ್ಲ. ಶುಕ್ರವಾರ ರಾತ್ರಿ ನೀವು ಟ್ರಾನ್ಸ್ ಕೇಳಿದಿರಾ, ಫುಟ್‌ಬಾಲ್ ಕೇಳಿದಿರಾ ಎಂದು ಉಪಗ್ರಹಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಸಮೀಕ್ಷೆ ಮಾಡುತ್ತಾರೆ, ಆ್ಯಪ್‌ನ ಲೆಕ್ಕ ನೋಡುತ್ತಾರೆ. ಈಚೆಗೆ, ಸುಮಾರು 2018ರಿಂದ, ಇಂಟರ್ನೆಟ್ಟೂ ಜೋಡಿಸಿರುವ ಕಾರು ರೇಡಿಯೋಗಳಿಂದ ಮಾಹಿತಿ ಬರುತ್ತಿದೆ. ಆದರೆ ನಿಮ್ಮ ಕಾಲದಲ್ಲಿ ಒಂದು ವಾರದ ಒಂದು ಶೋ ಇಷ್ಟೇ ಜನ ಕೇಳಿದರು ಎಂಬ ಖಚಿತ ಲೆಕ್ಕ ಇಟ್ಟುಕೊಂಡು ಕತ್ತರಿ ಹಾಕುವುದು ಸಾಧ್ಯವಿರಲಿಲ್ಲ. ಹೆಚ್ಚಾಗಿ ಅದು ಅಂದಾಜು, ಅಭಿರುಚಿ, ಕೆಲವೊಮ್ಮೆ ಕುರ್ಚಿಯಲ್ಲಿ ಕೂತವರ ಮೂಡು.

ರಾಯಲ್ಟಿ? ಇದೂ ಬಹಳ ಜನ ಹೇಳುವ ಕಾರಣ, ಆದರೆ ಸರಿಯಲ್ಲ. ಉಪಗ್ರಹ ರೇಡಿಯೋ ರೆಕಾರ್ಡಿಂಗ್ ಹಕ್ಕಿಗೆ ಕಟ್ಟುವುದು ಹಾಡಿಗೆ ಇಷ್ಟು ಎಂದಲ್ಲ, ಆದಾಯದಲ್ಲಿ ಶೇಕಡಾ ಇಷ್ಟು ಎಂದು. 2007ರಲ್ಲಿ ಅದು ಶೇ. 6 ಇತ್ತು, 2012ಕ್ಕೆ ಶೇ. 8 ಆಯಿತು, 2017ಕ್ಕೆ ಶೇ. 11, 2018ರಿಂದ ಶೇ. 15.5. ಏರುತ್ತಾ ಹೋಗಿದ್ದು ನಿಜ. ಆದರೆ ವಾರಕ್ಕೆ ಎರಡು ಗಂಟೆಯ ಟ್ರಾನ್ಸ್ ತೆಗೆದು ಅಲ್ಲಿ ಬೇರೆ ಹಾಡು ಹಾಕಿದ ಮಾತ್ರಕ್ಕೆ ಆ ಬಿಲ್ ಇಳಿಯುವುದಿಲ್ಲ. ಇಂಟರ್ನೆಟ್ ರೇಡಿಯೋದ ಮೀಟರ್ ಬೇರೆ. ಅಲ್ಲಿ ಸಾಮಾನ್ಯವಾಗಿ ಒಂದು ಹಾಡಿಗೆ, ಒಬ್ಬ ಕೇಳುಗನಿಗೆ ಇಷ್ಟು ಎಂದು ಓಡುತ್ತದೆ.

ಹಾಗಾದರೆ ಹೇಳದೆ ನಿಲ್ಲಿಸುವುದು ಯಾಕೆ? ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ನಾನಿದ್ದ ಒಂದು ಕಡೆ ಭಾನುವಾರ ರಾತ್ರಿ ಎರಡು ಗಂಟೆಯ ಮಿಕ್ಸ್ ಶೋ ಇತ್ತು. ಹೊರಗಿನ ಡಿಜೆ, ಪ್ರತಿ ವಾರ ಫೈಲ್ ಕಳಿಸುತ್ತಿದ್ದ. ಆಮೇಲೆ ಫೈಲ್ ತಡವಾಗತೊಡಗಿತು. ಒಂದು ವಾರ ಬರಲೇ ಇಲ್ಲ. ಹಳೇ ಕಂತನ್ನೇ ಮತ್ತೆ ಹಾಕಿದೆವು. ಮುಂದಿನ ವಾರವೂ ಅದೇ. ಯಾರೂ ಏನೂ ಅನ್ನಲಿಲ್ಲ. ಎರಡು ತಿಂಗಳಲ್ಲಿ ಆ ಜಾಗದಲ್ಲಿ ಕಂಪ್ಯೂಟರ್ ಆರಿಸಿದ ಹಾಡುಗಳು ಬರತೊಡಗಿದವು. ಶೋ ನಿಲ್ಲಿಸೋಣ ಎಂದು ಯಾರೂ ತೀರ್ಮಾನ ಮಾಡಿರಲಿಲ್ಲ, ಅದಕ್ಕೊಂದು ಮೀಟಿಂಗೂ ನಡೆದಿರಲಿಲ್ಲ. ಆರು ತಿಂಗಳಾದ ಮೇಲೆ ಒಬ್ಬರು ಬಹಳ ನೊಂದುಕೊಂಡು ಮೇಲ್ ಬರೆದರು. ಆಗಲೇ ನಮಗೂ ಗೊತ್ತಾಗಿದ್ದು, ಓ, ನಾವು ಅದನ್ನು ನಿಲ್ಲಿಸಿಬಿಟ್ಟಿದ್ದೇವೆ ಅಂತ. ಇದು ಸಮರ್ಥನೆ ಅಲ್ಲ. ನಡೆಯುವುದು ಹೀಗೆ ಅಂತ ಹೇಳಿದೆ ಅಷ್ಟೆ.

ಹಳೇ ಕಂತುಗಳ ವಿಷಯ. ಇಲ್ಲಿ ನಿಮಗೆ ಸಿಹಿ ಸುದ್ದಿ ಕೊಡಲಾರೆ. ರೇಡಿಯೋದವರ ಹತ್ತಿರ ಎಲ್ಲವೂ ಒಂದು ಗೋದಾಮಿನಲ್ಲಿ ಇರುತ್ತದೆ, ಬೇಕೆಂದೇ ಬಚ್ಚಿಟ್ಟಿದ್ದಾರೆ ಎಂದು ಜನ ತಿಳಿಯುತ್ತಾರೆ. ಹಾಡು ಪ್ರಸಾರ ಮಾಡಲು ರೇಡಿಯೋಗೆ ಇರುವ ಅನುಮತಿ ಅಮೆರಿಕದ ಕಾನೂನು ಕೊಡುವ ಒಂದು ಸಾಮೂಹಿಕ ಪರವಾನಗಿ. ಪ್ರತಿ ಕಂಪನಿಯ ಬಾಗಿಲು ತಟ್ಟದೆ ಹಾಡು ಹಾಕಬಹುದು. ಆದರೆ ಅದಕ್ಕೆ ಷರತ್ತುಗಳಿವೆ. ಮೂರು ಗಂಟೆಯೊಳಗೆ ಒಂದೇ ಆಲ್ಬಂನಿಂದ ಮೂರಕ್ಕಿಂತ ಜಾಸ್ತಿ ಹಾಡು ಹಾಕುವಂತಿಲ್ಲ, ಒಬ್ಬನೇ ಕಲಾವಿದನದು ನಾಲ್ಕಕ್ಕಿಂತ ಜಾಸ್ತಿ ಇಲ್ಲ. ಇಂಟರ್ನೆಟ್ಟಿನಲ್ಲಿ ಈ ಪರವಾನಗಿಯ ಮೇಲೆ ಹಳೇ ಕಾರ್ಯಕ್ರಮ ಇಡಬೇಕು ಅಂದರೆ ಅದು ಕನಿಷ್ಠ ಐದು ಗಂಟೆ ಉದ್ದ ಇರಬೇಕು, ಎರಡು ವಾರಕ್ಕಿಂತ ಹೆಚ್ಚು ಇಡುವಂತಿಲ್ಲ. ಬೇಕಾದ ಹಾಡನ್ನು ಬೇಕಾದಾಗ ಕೇಳುವುದಾದರೆ ಅದಕ್ಕೆ ಬೇರೆ ಒಪ್ಪಂದ, ಬೇರೆ ದರ. ಒಂದು ಎರಡು ಗಂಟೆಯ ಮಿಕ್ಸ್‌ನಲ್ಲಿ ಇಪ್ಪತ್ತು ಮೂವತ್ತು ಹಾಡು, ಅಷ್ಟೇ ಸಣ್ಣ ಸಣ್ಣ ಕಂಪನಿಗಳು. ಕೆಲವು ಹಾಡು ಬಿಡುಗಡೆಯೇ ಆಗಿರುವುದಿಲ್ಲ, ಡಿಜೆಗೆ ಗೆಳೆಯ ಕಳಿಸಿದ ಫೈಲ್ ಅದು. ಬಿಡುಗಡೆಯಾಗದ ಹಾಡಿಗೆ ಹದಿನೈದು ವರ್ಷದ ಮೇಲೆ ಹಕ್ಕು ಯಾರನ್ನು ಕೇಳುವುದು? ನಾಟಕದ ಧ್ವನಿಮುದ್ರಿಕೆ ಇಟ್ಟ ಹಾಗೆ ಡ್ಯಾನ್ಸ್ ಶೋ ಇಡಲು ಆಗದಿರುವುದು ಇದಕ್ಕೇ.

ಹಾಗಾಗಿ ನಿಮ್ಮ ಡ್ರಾಯರ್‌ನಲ್ಲಿರುವ ಇನೋಗೆ ಬೆಲೆ ಇದೆ.

ಆ ಪುಟ್ಟ ಸೆಟ್ಟು 2006ರಲ್ಲಿ ಬಂದಾಗ ಸಣ್ಣ ಯುದ್ಧವೇ ಆಗಿತ್ತು. 50 ಗಂಟೆ ರೆಕಾರ್ಡ್ ಮಾಡಿಕೊಳ್ಳಬಹುದು, ಹಾಡು ಹಾಡಾಗಿ ಬಿಡಿಸಿ ಇಟ್ಟುಕೊಳ್ಳಬಹುದು ಎಂದಾಗ ದೊಡ್ಡ ಸಂಗೀತ ಕಂಪನಿಗಳು ಅದೇ ಮೇ ತಿಂಗಳಲ್ಲಿ ಎಕ್ಸ್‌ಎಂ ಮೇಲೆ ಕೇಸು ಹಾಕಿದವು. ಇದು ರೇಡಿಯೋ ಅಲ್ಲ, ಹಾಡು ಮಾರುವ ಅಂಗಡಿ ಅನ್ನುವುದು ಅವರ ವಾದ. ಆಮೇಲೆ ಒಬ್ಬೊಬ್ಬರಾಗಿ ರಾಜಿಯಾದರು. ಆದರೆ ಸೆಟ್ಟಿನಲ್ಲಿ ಒಂದು ಬೀಗ ಮೊದಲಿನಿಂದಲೇ ಇತ್ತು: ರೆಕಾರ್ಡ್ ಮಾಡಿದ ರೇಡಿಯೋ ಹಾಡುಗಳನ್ನು ಕಂಪ್ಯೂಟರ್‌ಗೆ ಫೈಲ್ ಆಗಿ ಎತ್ತಿಕೊಳ್ಳಲು ಬರುವುದಿಲ್ಲ, ಮತ್ತು ಚಂದಾ ಚಾಲ್ತಿಯಲ್ಲಿ ಇರುವ ತನಕ ಮಾತ್ರ ಅವು ಕೇಳುತ್ತವೆ. ನಿಮ್ಮ ಮನೆಯವರ ಮಾತು ಲೆಕ್ಕಕ್ಕೆ ಸರಿಯಾಗಿದೆ. ಆದರೆ ಇವತ್ತೇ ಚಂದಾ ನಿಲ್ಲಿಸಿದರೆ ಆ 30 ಗಂಟೆಗೂ ಬೀಗ ಬೀಳುತ್ತದೆ.

ಮೊದಲು ಮಾಡಬೇಕಾದ್ದು ಸೆಟ್ಟನ್ನು ಗೋಡೆಯ ಚಾರ್ಜರ್‌ಗೆ ಹಾಕಿ ಆನ್ ಆಗುತ್ತದಾ ನೋಡುವುದು. ಇಷ್ಟು ವರ್ಷ ಕೂತ ಬ್ಯಾಟರಿ ಉಬ್ಬಿರಬಹುದು. ಹಿಂಬದಿ ಎದ್ದ ಹಾಗೆ ಕಂಡರೆ ಚಾರ್ಜ್ ಮಾಡಲೇಬೇಡಿ, ಬ್ಯಾಟರಿ ತೆಗೆದು ಹೊಸದು ಹುಡುಕಿ. ಆನ್ ಆದರೆ ಹೆಡ್‌ಫೋನ್ ತೂತಿನಿಂದ ಒಂದು ಸಾದಾ 3.5 ಮಿ.ಮೀ. ಕೇಬಲ್ ತೆಗೆದು ಲ್ಯಾಪ್‌ಟಾಪ್‌ಗೆ ಕೊಡಿ. ಸೆಟ್ಟು ಕೂರಿಸುವ ಡಾಕ್ ಇನ್ನೂ ಇದ್ದರೆ ಅದರ ಲೈನ್ ಔಟ್ ತೂತು ಇನ್ನೂ ಒಳ್ಳೆಯದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಲೈನ್ ಇನ್ ಇರುವುದಿಲ್ಲ, ಹಾಗಾಗಿ ಯುಎಸ್‌ಬಿ ಆಡಿಯೋ ಅಡಾಪ್ಟರ್ ಒಂದು ಬೇಕಾಗುತ್ತದೆ. ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಹಳೇ ಕಾಲದಲ್ಲಿ ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಮಾಡುತ್ತಿದ್ದೆವಲ್ಲ, ಅದೇ ಕೆಲಸ. 30 ಗಂಟೆಗೆ 30 ಗಂಟೆಯೇ ಹಿಡಿಯುತ್ತದೆ. ಸೌಂಡ್ ಮೀಟರ್ ಕೆಂಪಿಗೆ ಮುಟ್ಟದ ಹಾಗೆ ನೋಡಿಕೊಳ್ಳಿ. ಮೊದಲೇ ಹಿಂಡಿದ ಧ್ವನಿ ಅದು, ಉಪಗ್ರಹ ರೇಡಿಯೋದಲ್ಲಿ ಒಂದು ಚಾನೆಲ್ಲಿಗೆ ಸಿಗುವ ಜಾಗವೇ ಅಷ್ಟು. ತಾಳದ ಸದ್ದು ನೀರಿನೊಳಗಿಂದ ಬಂದ ಹಾಗೆ ಇದ್ದರೆ ಅದು ಕೇಬಲ್ಲಿನ ತಪ್ಪಲ್ಲ. ಅದನ್ನು ಮತ್ತೆ ಎಂಪಿ3 ಮಾಡಿ ಇನ್ನಷ್ಟು ಹಿಂಡಬೇಡಿ, ಧ್ವನಿ ಕೆಡಿಸದ ಫ್ಲ್ಯಾಕ್ ಅಥವಾ ವೇವ್ ಫೈಲ್ ಆಗಿ ಇಡಿ. ಬೀಗ ಒಡೆಯುತ್ತೇವೆ ಎನ್ನುವ ಸಾಫ್ಟ್‌ವೇರ್ ಎಲ್ಲಾದರೂ ಕಂಡರೆ ಆ ಕಡೆ ಹೋಗಬೇಡಿ. ಮನೆಯಲ್ಲಿ ನಿಮ್ಮ ಕಿವಿಗೆ ರೆಕಾರ್ಡ್ ಮಾಡಿಕೊಳ್ಳುವುದು ಒಂದು, ತಾಂತ್ರಿಕ ಬೀಗ ಮುರಿಯುವುದು ಇನ್ನೊಂದು. ಅಮೆರಿಕದ ಕಾನೂನು ಎರಡನ್ನೂ ಬೇರೆಯಾಗಿಯೇ ನೋಡುತ್ತದೆ.

ಯೂಟ್ಯೂಬ್‌ಗೆ ಹಾಕುವುದು ಬೇಡ. ಅಲ್ಲಿನ ಯಂತ್ರ ಹಾಡು ಗುರುತಿಸುತ್ತದೆ. ಮಿಕ್ಸ್‌ನಲ್ಲಿ ಮೂವತ್ತು ಹಾಡಿದ್ದರೆ ಮೂವತ್ತು ಜನಕ್ಕೆ ತಡೆಯುವ ಹಕ್ಕು. ಕೆಲವರು ಜಾಹೀರಾತಿನ ದುಡ್ಡು ತೆಗೆದುಕೊಂಡು ಸುಮ್ಮನಾಗುತ್ತಾರೆ, ಒಬ್ಬ ಮಾತ್ರ ತೆಗೆಸುತ್ತಾನೆ, ಅಷ್ಟು ಸಾಕು. ಮೂರು ಸ್ಟ್ರೈಕ್ ಬಿದ್ದರೆ ನಿಮ್ಮ ಇಡೀ ಖಾತೆ ಹೋಗುತ್ತದೆ, ಅದರಲ್ಲಿ ಮಗುವಿನ ಹುಟ್ಟುಹಬ್ಬದ ವಿಡಿಯೋ ಇದ್ದರೆ ಅದೂ ಸೇರಿ. ಹಂಚಿಕೊಳ್ಳಲೇಬೇಕು ಅನ್ನಿಸಿದರೆ ಮಿಕ್ಸ್‌ಕ್ಲೌಡ್ ಸ್ವಲ್ಪ ಸಭ್ಯ ಜಾಗ. ಡಿಜೆ ಮಿಕ್ಸ್‌ಗಳಿಗೆಂದೇ ಪರವಾನಗಿ ಮಾಡಿಕೊಂಡು ಹಾಡಿನವರಿಗೆ ದುಡ್ಡು ಕೊಡುತ್ತದೆ. ಹಿಂದಕ್ಕೆ ಓಡಿಸಲು ಬಿಡದೆ ಇರುವಂಥ ನಿರ್ಬಂಧಗಳು ಅಲ್ಲಿ ಕಂಡರೆ ಆಶ್ಚರ್ಯಪಡಬೇಡಿ, ಮೇಲೆ ಹೇಳಿದ ಆ ಪರವಾನಗಿ ನಿಯಮಗಳ ನೆರಳು ಅದು. ಆದರೂ ಶೋ ನಿಮ್ಮದಲ್ಲ, ಡಿಜೆಯದು. ನನ್ನನ್ನು ಕೇಳಿದರೆ ಮೊದಲು ಆ ಡಿಜೆಯ ತಂಡಕ್ಕೇ ಒಂದು ಸಂದೇಶ ಕಳಿಸಿ: ಇಂಥ ಕಂತು ನನ್ನ ಹತ್ತಿರ ಇದೆ, ನಿಮ್ಮಲ್ಲಿ ಇದೆಯಾ ಅಂತ. ಕೆಲವರ ಹತ್ತಿರ ಅವರದೇ ಹಳೇ ಕಂತು ಇರುವುದಿಲ್ಲ. ಹಾರ್ಡ್ ಡಿಸ್ಕ್ ಹಾಳಾಗಿರುತ್ತದೆ, ಮನೆ ಬದಲಿಸುವಾಗ ಕಳೆದಿರುತ್ತದೆ. ಕೇಳುಗನೊಬ್ಬ ಕಳಿಸಿದ ಕಂತಿನಿಂದ ಡಿಜೆ ತನ್ನ ಸಂಗ್ರಹ ತುಂಬಿಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ.

ಕಂತು ಸಿಗದಿದ್ದರೂ ಅದರ ಹಾಡಿನ ಪಟ್ಟಿ ಸಿಗುವ ಸಾಧ್ಯತೆ ಜಾಸ್ತಿ. 1001 ಟ್ರ್ಯಾಕ್‌ಲಿಸ್ಟ್ಸ್ ಎಂಬ ತಾಣದಲ್ಲಿ ಅಭಿಮಾನಿಗಳು ಕಂತಿನ ಸಂಖ್ಯೆ, ತಾರೀಕಿನ ಸಮೇತ ಪಟ್ಟಿ ಮಾಡಿಟ್ಟಿದ್ದಾರೆ. ಪಟ್ಟಿಯಲ್ಲಿ ಕೆಲವು ಕಡೆ ಹಾಡಿನ ಹೆಸರೇ ಇಲ್ಲದೆ ಐಡಿ ಎಂದಷ್ಟೇ ಇರುತ್ತದೆ, ಅವು ಆ ಹೊತ್ತಿಗೆ ಹೆಸರು ಹೊರಬೀಳದ ಹಾಡುಗಳು. ಉಳಿದವನ್ನು ಕೊಂಡೋ, ಸ್ಟ್ರೀಮ್ ಮಾಡಿಯೋ ನೀವೇ ಸಾಲಾಗಿ ಜೋಡಿಸಬಹುದು. ಆದರೆ ಒಂದರಿಂದ ಇನ್ನೊಂದಕ್ಕೆ ಜಾರುವ ಆ ಅರ್ಧ ನಿಮಿಷ ಇರುತ್ತದಲ್ಲ, ಅದು ಬರುವುದಿಲ್ಲ. ನಿಮಗೆ ಬೇಕಾಗಿರುವುದು ಅದೇ ಎಂದು ನನಗೆ ಅನುಮಾನ.

ಚಂದಾ ವಿಷಯಕ್ಕೆ ಬರುತ್ತೇನೆ. ರೆಕಾರ್ಡಿಂಗ್ ಪೂರ್ತಿ ಹೊರಬಂದ ಮೇಲೆ, ಎರಡು ಕಡೆ ಕಾಪಿ ಇಟ್ಟ ಮೇಲೆ, ನಿಲ್ಲಿಸುವುದಾದರೆ ನಿಲ್ಲಿಸಿ. ನಿಲ್ಲಿಸುತ್ತೇನೆ ಅಂದಾಗ ಕಡಿಮೆ ದರ ಹೇಳುತ್ತಾರೆ. ಆ ಕ್ಷಣದಲ್ಲಿ ಕೇಳಿದ ದರಕ್ಕೂ ಆರು ತಿಂಗಳ ಮೇಲೆ ಬರುವ ಬಿಲ್ಲಿಗೂ ವ್ಯತ್ಯಾಸ ಇರುತ್ತದೆ, ಕೊನೆಯ ತಾರೀಕು ಬರೆದಿಟ್ಟುಕೊಳ್ಳಿ. ಗ್ರೂಪ್ ಥೆರಪಿಯನ್ನೂ ಎ ಸ್ಟೇಟ್ ಆಫ್ ಟ್ರಾನ್ಸ್ ಶೋವನ್ನೂ ಕೇಳಲು ಉಪಗ್ರಹ ಬೇಕಿಲ್ಲ, ಫೋನು ಸಾಕು. ಆದರೆ ರಾತ್ರಿ ಪೆನ್ಸಿಲ್ವೇನಿಯಾದ ಬೆಟ್ಟಗಳಲ್ಲಿ ಫೋನಿಗೆ ಸಿಗ್ನಲ್ ಇಲ್ಲದ ಕಡೆ ಗಾಡಿ ಓಡಿಸುವವರಾದರೆ ಉಪಗ್ರಹಕ್ಕೆ ಇನ್ನೂ ಸಾಟಿ ಇಲ್ಲ. ಅದು ನಿಮ್ಮ ಓಡಾಟದ ಲೆಕ್ಕ, ನಾನು ಹೇಳಲಾರೆ.

ದೂರು ಬರೆದರೆ ಪ್ರಯೋಜನ ಇದೆಯಾ? ಎಷ್ಟೋ ವರ್ಷದ ಹಿಂದೆ ನಿಂತಿದ್ದಕ್ಕೆ ಇಲ್ಲ. ಮುಂದೆ ಇನ್ನೊಂದು ಶೋ ಮಾಯವಾದರೆ ಎರಡು ವಾರದೊಳಗೆ ಬರೆಯಿರಿ. ಖಾಲಿಯಾದ ಜಾಗಕ್ಕೆ ಏನು ಎಂದು ಆಗಿನ್ನೂ ತೀರ್ಮಾನ ಆಗಿರುವುದಿಲ್ಲ. ನಿಮ್ಮ ಚಾನೆಲ್ ಹಾಳಾಯ್ತು ಎಂದು ಬರೆದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ಶುಕ್ರವಾರ ರಾತ್ರಿ ಹತ್ತಕ್ಕೆ ಬರುತ್ತಿದ್ದ ಈ ಶೋ ಎರಡು ವಾರದಿಂದ ಇಲ್ಲ, ನಿಂತಿದೆಯಾ, ಸಮಯ ಬದಲಾಗಿದೆಯಾ ಎಂದು ಬರೆದರೆ ಯಾರಾದರೂ ಒಬ್ಬರು ಉತ್ತರ ಹುಡುಕಲೇಬೇಕಾಗುತ್ತದೆ. ನಾನು ಹೇಳಿದ ಆ ಭಾನುವಾರದ ಶೋ ಬಗ್ಗೆ ಎರಡನೇ ವಾರವೇ ಇಂಥ ಒಂದು ಮೇಲ್ ಬಂದಿದ್ದರೆ ನಾವು ಡಿಜೆಗೆ ಫೋನ್ ಮಾಡುತ್ತಿದ್ದೆವು.

ಇನ್ನು ಅಪ್ಪನವರ ವರ್ಲ್ಡ್‌ಸ್ಪೇಸ್ ಸೆಟ್ಟು. ಏಷ್ಯಾಸ್ಟಾರ್ ಎಂಬ ಉಪಗ್ರಹದಿಂದ ಅದಕ್ಕೆ ಹಾಡು ಬರುತ್ತಿತ್ತು, 2000ನೇ ಇಸವಿಯ ಮಾರ್ಚ್‌ನಲ್ಲಿ ಹಾರಿಸಿದ್ದು. ಕಿಟಕಿಯಲ್ಲಿ ಆ ಚಪ್ಪಟೆ ಆಂಟೆನಾವನ್ನು ಪೂರ್ವಕ್ಕೆ ತಿರುಗಿಸಿ ಇಡುತ್ತಿದ್ದದ್ದು ನೆನಪಿರಬೇಕು ನಿಮಗೆ. ಭಾರತದಲ್ಲಿ ಸೇವೆ 2009ರ ಡಿಸೆಂಬರ್ 31ರಂದು ನಿಂತಿತು. ಅಮ್ಮನ ಸ್ಪರ್ಶವೂ ಅವತ್ತೇ ಹೋಯಿತು. ಇಪ್ಪತ್ನಾಲ್ಕು ಗಂಟೆ ಕನ್ನಡ ಹಾಡು ಆಕಾಶದಿಂದ ಇಳಿದು ಬರುತ್ತಿತ್ತು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಸೆಟ್ಟು ಕೆಟ್ಟಿಲ್ಲ, ಅದಕ್ಕೆ ಬರುತ್ತಿದ್ದ ಸಂಕೇತವೇ ಇಲ್ಲ. ಹಾಗಾಗಿ ರಿಪೇರಿ ಮಾಡಿಕೊಡುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಕೆಲವು ಮಾಡೆಲ್‌ಗಳಲ್ಲಿ ಎಫ್‌ಎಂ ಇತ್ತು, ಅಪ್ಪನವರದರಲ್ಲಿ ಇದ್ದರೆ ಮೈಸೂರು ಆಕಾಶವಾಣಿ ಅದರಲ್ಲೇ ಕೇಳಬಹುದು. ಹಿಂಬದಿಯಲ್ಲಿ ಫೋನು ಜೋಡಿಸುವ ಆಕ್ಸ್ ತೂತು ಇದೆಯಾ ಅಂತಲೂ ಮುಂದಿನ ಸಲ ಊರಿಗೆ ಹೋದಾಗ ನೋಡಿ. ಇದ್ದರೆ ಈ ಇನೋದಿಂದ ತೆಗೆದ ಫೈಲ್‌ಗಳನ್ನು ಫೋನಿಗೆ ಹಾಕಿಕೊಂಡು ಅದಕ್ಕೆ ಚುಚ್ಚಬಹುದು. ರಾತ್ರಿ, ಎಲ್ಲರೂ ಮಲಗಿದ ಮೇಲೆ.